ಜೆಲ್ ಉಗುರು, ಅಕ್ರಿಲಿಕ್ ಉಗುರು: ನನ್ನ ಬೆರಳ ತುದಿ ಬಿರಿಯುತ್ತಿರುವುದು ಯಾವ ಬಾಟಲಿಯಿಂದ?

ಉಗುರುಚಿತ್ತಾರ (ಹುಬ್ಬಳ್ಳಿ), ಚರ್ಚೆ ಆರಂಭಿಸಿದವರು

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಚಿಕ್ಕದೊಂದು ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೇನೆ. ಹನ್ನೊಂದು ವರ್ಷ ಹುಬ್ಬು, ಫೇಶಿಯಲ್, ಮದುವಣಗಿತ್ತಿಯರ ಅಲಂಕಾರ ಇಷ್ಟೇ ಇತ್ತು. ಎರಡು ವರ್ಷದ ಹಿಂದೆ ಹದಿನೈದು ದಿನದ ತರಬೇತಿ ಪಡೆದು ಜೆಲ್ (ಹಚ್ಚಿ ದೀಪದ ಬೆಳಕಿಗೆ ಗಟ್ಟಿ ಮಾಡುವುದು) ಮತ್ತು ಅಕ್ರಿಲಿಕ್ (ಪುಡಿ, ದ್ರವ ಕಲಸಿ ಕಟ್ಟುವುದು) ಉಗುರಿನ ಕೆಲಸ ಶುರು ಮಾಡಿದೆ. ಈಗ ಅಂಗಡಿಯ ಬಾಡಿಗೆ ಹುಟ್ಟುವುದೇ ಅದರಿಂದ.

ನಾಲ್ಕು ತಿಂಗಳಿಂದ ಬಲಗೈಯ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಈ ಮೂರರ ತುದಿ ಒಣಗಿ, ಸಿಪ್ಪೆ ಎದ್ದು, ಬಿರಿಯುತ್ತಿವೆ. ಎಡಗೈಯಲ್ಲಿ ಗಿರಾಕಿಯ ಬೆರಳು ಹಿಡಿಯುವ ಎರಡು ಬೆರಳು ಮಾತ್ರ ಹಾಗೆಯೇ ಆಗಿವೆ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದುವಾಗ ಜೀವ ಹೋದಂತಾಗುತ್ತದೆ. ಹೋದ ವಾರ ಕಣ್ಣಿನ ರೆಪ್ಪೆ ಬಾತುಕೊಂಡಿತು. ಊರಿನ ಜಾತ್ರೆಗೆ ಹೋಗಿ ಹನ್ನೆರಡು ದಿನ ಇದ್ದೆ, ಎಲ್ಲ ಮಾಯ್ದಿತ್ತು. ಬಂದು ಅಂಗಡಿ ತೆರೆದ ಎರಡನೆಯ ದಿನಕ್ಕೆ ಮತ್ತೆ ಅದೇ ಕಥೆ.

ಒಬ್ಬರು ಬಣ್ಣ ತೆಗೆಯುವ ಅಸಿಟೋನ್ ಎನ್ನುತ್ತಾರೆ, ಒಬ್ಬರು ದೀಪದ ಬೆಳಕು ಎನ್ನುತ್ತಾರೆ, ನಮ್ಮ ಅತ್ತೆ ಸೋಪಿನ ಪುಡಿ ಎನ್ನುತ್ತಾರೆ. ನನ್ನ ಮೇಜಿನ ಮೇಲೆ ಇರುವುದು ಇಷ್ಟು: ಪ್ರೈಮರ್, ಬೇಸ್ ಜೆಲ್, ಬಣ್ಣದ ಜೆಲ್, ಟಾಪ್ ಕೋಟ್, ಒರೆಸುವ ಆಲ್ಕೋಹಾಲ್, ಅಸಿಟೋನ್, ಅಕ್ರಿಲಿಕ್ ಪುಡಿ ಮತ್ತು ದ್ರವ, ಅಂಟು. ಇವುಗಳಲ್ಲಿ ಯಾವುದು ಏನು ಮಾಡುತ್ತದೆ ಎಂದು ತರಬೇತಿಯಲ್ಲಿ ಯಾರೂ ಹೇಳಿಕೊಡಲಿಲ್ಲ. ತಿಳಿದವರು ಹೇಳಿ. ಕೆಲಸ ಬಿಡುವ ಸ್ಥಿತಿಯಲ್ಲಿ ನಾನಿಲ್ಲ.

ಮದರಂಗಿ_ಮನೆ

ಅಕ್ಕಾ, ಇದೆಲ್ಲ ಪ್ಲಾಸ್ಟಿಕ್ಕು, ಕೆಮಿಕಲ್ಲು. ಮೈಗೆ ಆಗಿಬರುವುದಿಲ್ಲ. ನಮ್ಮ ಅಜ್ಜಿಯರು ಉಗುರಿಗೆ ಮದರಂಗಿ ಹಚ್ಚಿಕೊಂಡು ಚೆನ್ನಾಗಿಯೇ ಇದ್ದರು. ಅದಕ್ಕೇ ಮರಳುವುದು ಒಳ್ಳೆಯದು.

ರಸಾಯನ_ಪಾಠ (ಉಪನ್ಯಾಸಕಿ, ಮೈಸೂರು)

ಮದರಂಗಿಯೂ ರಸಾಯನವೇ, ಬಹಳ ಚೆಂದದ ರಸಾಯನ. ಅದರ ಎಲೆಯಲ್ಲಿರುವ ಲಾಸೋನ್ ಎಂಬ ಅಣು ಉಗುರಿನ ಕೆರಾಟಿನ್ ಪ್ರೋಟೀನಿಗೇ ಹೋಗಿ ಬೆಸೆದುಕೊಳ್ಳುತ್ತದೆ. ಅಂಗೈಯ ಬಣ್ಣ ಎರಡು ಮೂರು ವಾರದಲ್ಲಿ ಚರ್ಮ ಉದುರಿದಂತೆ ಹೋಗುತ್ತದೆ. ಉಗುರಿನ ಬಣ್ಣ ಮಾತ್ರ ಉಗುರು ಬೆಳೆದು ಕತ್ತರಿಸುವವರೆಗೂ ನಿಲ್ಲುವುದು ಈ ಕಾರಣಕ್ಕೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ, ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು. ಆದರೆ ಕೇಳಿದವರ ಹೊಟ್ಟೆಪಾಡಿನ ಪ್ರಶ್ನೆಗೆ ಮದರಂಗಿ ಉತ್ತರವಲ್ಲ. ಆದ್ದರಿಂದ ಬಾಟಲಿಗಳ ವಿಷಯಕ್ಕೆ ಬರುತ್ತೇನೆ.

ಉಗುರಿನ ಮೇಲೆ ಗಟ್ಟಿಯಾಗುವ ವಸ್ತುಗಳಲ್ಲಿ ಎರಡು ಜಾತಿ. ಒಂದು ಆರಿ ಗಟ್ಟಿಯಾಗುವುದು, ಇನ್ನೊಂದು ಬೆಂದು ಗಟ್ಟಿಯಾಗುವುದು. ತರಗತಿಯಲ್ಲಿ ನಾನು ಬೆಲ್ಲ ಮತ್ತು ಇಡ್ಲಿಯ ಉದಾಹರಣೆ ಕೊಡುತ್ತೇನೆ. ಬೆಲ್ಲ ಎಷ್ಟೇ ಗಟ್ಟಿಯಾಗಿರಲಿ, ನೀರಿಗೆ ಹಾಕಿದರೆ ಮತ್ತೆ ಪಾನಕ. ಬೆಂದ ಇಡ್ಲಿಯನ್ನು ನೀರಿಗೆ ಹಾಕಿದರೆ ಮತ್ತೆ ಹಿಟ್ಟಾಗುವುದಿಲ್ಲ.

ಅಂಗಡಿಯಲ್ಲಿ ಸಿಗುವ ಮಾಮೂಲಿ ಉಗುರು ಬಣ್ಣ ಬೆಲ್ಲದ ಜಾತಿ. ಅದರಲ್ಲಿ ನೈಟ್ರೊಸೆಲ್ಯುಲೋಸ್ ಎಂಬ ಪಾಲಿಮರ್, ಅಂದರೆ ಉದ್ದನೆಯ ಸರಪಳಿಯಂಥ ಅಣು, ಮೊದಲೇ ತಯಾರಾಗಿ, ಈಥೈಲ್ ಅಸಿಟೇಟ್ ಮತ್ತು ಬ್ಯೂಟೈಲ್ ಅಸಿಟೇಟ್ ದ್ರಾವಕದಲ್ಲಿ ಕರಗಿರುತ್ತದೆ. ಹತ್ತಿಯ ನಾರಿನ ಸೆಲ್ಯುಲೋಸಿಗೆ ನೈಟ್ರಿಕ್ ಆಮ್ಲದ ಸಂಸ್ಕಾರ ಕೊಟ್ಟರೆ ಇದು ಹುಟ್ಟುತ್ತದೆ. ಇದೇ ಕುಲದ ಇನ್ನೊಂದು ರೂಪವೇ ಗನ್ ಕಾಟನ್ ಎಂಬ ಸ್ಫೋಟಕ. ಕಾರುಗಳ ಹಳೆಯ ಲ್ಯಾಕರ್ ಬಣ್ಣವೂ ಇದೇ. ಹಚ್ಚಿದ ಮೇಲೆ ದ್ರಾವಕ ಆವಿಯಾಗುತ್ತದೆ, ತೆಳು ಪೊರೆ ಉಳಿಯುತ್ತದೆ. ರಾಸಾಯನಿಕ ಕ್ರಿಯೆ ಎಂಬುದು ಅಲ್ಲಿ ನಡೆಯುವುದೇ ಇಲ್ಲ. ಅಸಿಟೋನ್ ತಾಗಿಸಿದರೆ ಕ್ಷಣದಲ್ಲಿ ಕರಗುತ್ತದೆ. ಬಾಟಲಿಯ ಮೇಲೆ ‘ಮೂರು ಇಲ್ಲ’ ಎಂದು ಬರೆದಿರುತ್ತಾರಲ್ಲ, ಆ ಮೂರು ಟೊಲೀನ್, ಫಾರ್ಮಾಲ್ಡಿಹೈಡ್ ಮತ್ತು ಡೈಬ್ಯೂಟೈಲ್ ಥ್ಯಾಲೇಟ್. ಹಳೆಯ ಬಣ್ಣಗಳಲ್ಲಿ ಇವು ಇರುತ್ತಿದ್ದವು.

ಜೆಲ್ ಮತ್ತು ಅಕ್ರಿಲಿಕ್ ಇಡ್ಲಿಯ ಜಾತಿ. ಬಾಟಲಿಯಲ್ಲಿ ಇರುವುದು ಹಿಟ್ಟು, ಅಂದರೆ ಇನ್ನೂ ಬೆಸೆಯದ ಚಿಕ್ಕ ಅಣುಗಳು. ಅವಕ್ಕೆ ಮಾನೋಮರ್ ಎನ್ನುತ್ತೇವೆ. ನಿಮ್ಮ ಮೇಜಿನ ಮೇಲೆ ಅವು ಒಂದಕ್ಕೊಂದು ಕೈ ಹಿಡಿದು ಉದ್ದನೆಯ ಸರಪಳಿ ಆಗುತ್ತವೆ. ಆ ಸರಪಳಿ ಆದ ಮೇಲೆ ಅದು ಗಟ್ಟಿ ಪ್ಲಾಸ್ಟಿಕ್, ಚರ್ಮದೊಳಗೆ ಇಳಿಯಲಾರದು. ಸರಪಳಿ ಆಗುವ ಮುನ್ನ ಅದು ಚರ್ಮದೊಳಗೆ ಸುಲಭವಾಗಿ ನುಗ್ಗುವ ಪುಟ್ಟ ಅಣು. ನಿಮ್ಮ ಬೆರಳಿಗೆ ತಾಗುತ್ತಿರುವುದು ಈ ಹಸಿ ಹಿಟ್ಟು ಎಂದು ನನ್ನ ಬಲವಾದ ಅನುಮಾನ. ನೀವು ಹೇಳಿದ ಐದು ಬೆರಳುಗಳೂ ಕೆಲಸಕ್ಕೆ ಮುಂದಾಗುವ ಬೆರಳುಗಳೇ.

ಹಲ್ಲಿನ_ಲ್ಯಾಬ್ (ದಾವಣಗೆರೆ)

ತಂಗಿ, ನಿನ್ನ ಬೆರಳಿನ ವರ್ಣನೆ ಓದಿ ನನ್ನ ಹಳೆಯ ಗೆಳೆಯನ ನೆನಪಾಯಿತು. ನಾನು ಇಪ್ಪತ್ತಾರು ವರ್ಷದಿಂದ ಹಲ್ಲಿನ ಸೆಟ್ ಮಾಡುವವನು. ನಿನ್ನ ಅಕ್ರಿಲಿಕ್ ಪುಡಿ ಮತ್ತು ದ್ರವ ನಮ್ಮ ಕಸುಬಿನಿಂದಲೇ ಹೋದದ್ದು. 1954ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಫ್ರೆಡ್ ಸ್ಲ್ಯಾಕ್ ಎಂಬ ದಂತವೈದ್ಯರು ಕೆಲಸ ಮಾಡುವಾಗ ಉಗುರು ಮುರಿದುಕೊಂಡರು. ಕೈಗೆ ಸಿಕ್ಕ ಅಲ್ಯೂಮಿನಿಯಂ ಹಾಳೆಯನ್ನು ಬೆರಳ ಕೆಳಗಿಟ್ಟು, ಹಲ್ಲಿನ ಅಕ್ರಿಲಿಕ್ ಕಲಸಿ ಅದರ ಮೇಲೆ ಉಗುರು ಕಟ್ಟಿಕೊಂಡರು. ಈಗಲೂ ನೀವು ಉಗುರಿನ ಕೆಳಗೆ ಇಡುವ ಫಾರ್ಮ್ ಅದೇ ಹಾಳೆಯ ಸಂತಾನ.

ನಮ್ಮಲ್ಲಿ ಮುರಿದ ಸೆಟ್ಟಿಗೆ ತೇಪೆ ಹಾಕಲು ಕಾಯಿಸದೆ ಗಟ್ಟಿಯಾಗುವ ಅಕ್ರಿಲಿಕ್ ಬಳಸುತ್ತೇವೆ. ಪಿಂಗಾಣಿ ಬಟ್ಟಲಿಗೆ ದ್ರವ ಹಾಕಿ, ಮೇಲೆ ಗುಲಾಬಿ ಪುಡಿ ಉದುರಿಸಿದರೆ ಮೊದಲು ಒದ್ದೆ ಮರಳಿನಂತೆ ಇರುತ್ತದೆ. ಸ್ವಲ್ಪ ಹೊತ್ತಿಗೆ ಕಡ್ಡಿಯಿಂದ ಎತ್ತಿದರೆ ಬೆಲ್ಲದ ಎಳೆ ಪಾಕದಂತೆ ನೂಲು ಬರುತ್ತದೆ. ಆಮೇಲೆ ಹೋಳಿಗೆಯ ಕಣಕದಂತೆ ಬಟ್ಟಲಿನಿಂದ ಬಿಟ್ಟುಕೊಂಡು ಬರುತ್ತದೆ, ಅದೇ ಹದ. ಆ ಹದದಲ್ಲಿ ಒತ್ತಿ ಕೂಡಿಸಬೇಕು. ಇನ್ನೂ ತಡವಾದರೆ ರಬ್ಬರಿನಂತಾಗಿ ಕೈ ಮೀರುತ್ತದೆ. ಗಟ್ಟಿಯಾಗುವಾಗ ಬಟ್ಟಲು ಮುಟ್ಟಿ ನೋಡಿದರೆ ಬಿಸಿ ಇರುತ್ತದೆ. ಬೆಂಕಿ ಇಲ್ಲದೆ ಬೇಯುವುದು ಎಂದರೆ ಇದೇ.

ನನ್ನ ಗೆಳೆಯ ಆ ಕಣಕವನ್ನು ಬರಿಗೈಯಲ್ಲಿ ನಾದುತ್ತಿದ್ದ. ಐದಾರು ವರ್ಷ ಏನೂ ಆಗಲಿಲ್ಲ. ಆಮೇಲೆ ಅವನ ಬೆರಳುಗಳೂ ನಿನ್ನಂತೆಯೇ ಬಿರಿದವು. ಅವನು ಕೊನೆಗೆ ಕಸುಬೇ ಬಿಟ್ಟ. ಅದಕ್ಕೇ ಹೇಳುತ್ತಿದ್ದೇನೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡ.

ಉಗುರುಚಿತ್ತಾರ (ಹುಬ್ಬಳ್ಳಿ)

ಅಣ್ಣಾ, ಓದಿ ಎದೆ ಧಸಕ್ಕೆಂದಿತು. ಪುಡಿ ಮತ್ತು ದ್ರವ ಸೇರಿದರೆ ಬಿಸಿ ಏಕಾಗುತ್ತದೆ? ಗಿರಾಕಿಗಳೂ ಒಮ್ಮೊಮ್ಮೆ ಉಗುರು ಸುಡುತ್ತದೆ ಎಂದು ದೀಪದಿಂದ ಕೈ ಎಳೆದುಕೊಳ್ಳುತ್ತಾರೆ. ಇನ್ನೊಂದು ಪ್ರಶ್ನೆ, ನಮ್ಮಲ್ಲಿ ಎರಡು ದರದ ಅಕ್ರಿಲಿಕ್ ದ್ರವ ಸಿಗುತ್ತದೆ. ಅಗ್ಗದ್ದಕ್ಕೆ ತಲೆ ಸಿಡಿಯುವಷ್ಟು ವಾಸನೆ. ಎರಡೂ ಒಂದೇ ಏನು?

ರಸಾಯನ_ಪಾಠ (ಉಪನ್ಯಾಸಕಿ, ಮೈಸೂರು)

ಒಂದೇ ಅಲ್ಲ. ಅಗ್ಗದ್ದು ಬಹುಮಟ್ಟಿಗೆ ಮೀಥೈಲ್ ಮೆಥಾಕ್ರಿಲೇಟ್, ಎಂಎಂಎ ಎನ್ನುತ್ತಾರೆ. ದುಬಾರಿಯದು ಈಥೈಲ್ ಮೆಥಾಕ್ರಿಲೇಟ್, ಇಎಂಎ. ಎರಡರ ಅಣುವಿಗೂ ಒಂದು ಇಂಗಾಲದಷ್ಟೇ ವ್ಯತ್ಯಾಸ. ಎಂಎಂಎಯಿಂದ ಹುಟ್ಟುವ ಪ್ಲಾಸ್ಟಿಕ್ ಬಹಳ ಬಿರುಸು. ಅಂಥ ಉಗುರು ಬಾಗಿಲಿಗೋ ಬಸ್ಸಿನ ಕಂಬಿಗೋ ಸಿಕ್ಕಿಕೊಂಡರೆ ತಾನು ಮುರಿಯುವುದಿಲ್ಲ, ಕೆಳಗಿನ ಸ್ವಂತ ಉಗುರನ್ನೇ ಬುಡದಿಂದ ಕಿತ್ತುಕೊಂಡು ಬರುತ್ತದೆ. ಅಸಿಟೋನಿಗೂ ಬೇಗ ಜಗ್ಗುವುದಿಲ್ಲ. ಉಗುರು ಹಾಳಾದವರ, ಚರ್ಮ ಕೆಟ್ಟವರ ದೂರುಗಳು ಬಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1970ರ ದಶಕದಲ್ಲಿಯೇ ಇದರ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು, ಸರಕು ಜಪ್ತಿಯನ್ನೂ ಮಾಡಿತು. ಕಡುವಾಸನೆ, ಅರ ಹಿಡಿದು ಉಜ್ಜಿದರೂ ಸವೆಯದ ಗಟ್ಟಿತನ, ಅಸಿಟೋನಿನಲ್ಲಿ ನೆನೆಸಿದರೂ ಮೆತ್ತಗಾಗದಿರುವುದು ಈ ಮೂರೂ ಕೂಡಿ ಬಂದರೆ ಆ ಬಾಟಲಿಯನ್ನು ದೂರವಿಡಿ.

ಬಿಸಿಯ ಕಾರಣ ಹೀಗೆ. ಪುಡಿಯ ಕಣಗಳಲ್ಲಿ ಬೆಂಜಾಯಿಲ್ ಪೆರಾಕ್ಸೈಡ್ ಇರುತ್ತದೆ, ದ್ರವದಲ್ಲಿ ಅಮೀನ್ ಜಾತಿಯ ಒಂದು ವೇಗವರ್ಧಕ. ಬ್ರಷ್ಷಿನ ತುದಿಯಲ್ಲಿ ಮಣಿ ಎತ್ತಿದ ಕ್ಷಣ ಇವೆರಡೂ ಸೇರುತ್ತವೆ. ಪೆರಾಕ್ಸೈಡ್ ಒಡೆದು, ಜೊತೆಗಾರನಿಲ್ಲದ ಎಲೆಕ್ಟ್ರಾನಿನ ತುಣುಕುಗಳು ಹುಟ್ಟುತ್ತವೆ. ಅವುಗಳ ಹೆಸರು ರ‍್ಯಾಡಿಕಲ್. ಅದು ಮಾನೋಮರಿನ ಜೋಡಿ ಬಂಧವನ್ನು ಬಿಡಿಸಿ ತನ್ನೊಂದಿಗೆ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡದ್ದು ಮುಂದಿನದನ್ನು ಹಿಡಿಯುತ್ತದೆ. ಪ್ರತಿ ಬೆಸುಗೆಯಲ್ಲೂ ಒಂದಿಷ್ಟು ಶಾಖ ಹೊರಬೀಳುತ್ತದೆ. ಜೆಲ್‌ನಲ್ಲೂ ಇದೇ ಕ್ರಿಯೆ, ಕಿಡಿ ಹೊತ್ತಿಸುವುದು ಮಾತ್ರ ಬೆಳಕು. ದಪ್ಪಗೆ ಹಚ್ಚಿ ದೀಪಕ್ಕೆ ಒಡ್ಡಿದರೆ ಎಲ್ಲ ಬೆಸುಗೆಯೂ ಒಮ್ಮೆಲೇ ನಡೆದು ಶಾಖ ಏರುತ್ತದೆ. ಉಜ್ಜಿ ಉಜ್ಜಿ ತೆಳುವಾದ ಉಗುರಿದ್ದರೆ ಆ ಶಾಖ ನೇರ ಕೆಳಗಿನ ನರಕ್ಕೆ ಮುಟ್ಟುತ್ತದೆ. ತೆಳುವಾಗಿ ಹಚ್ಚಿ, ಅದೇ ಮದ್ದು.

ಒಂದು ಮಾತು ಒತ್ತಿ ಹೇಳಬೇಕು. ವಾಸನೆ ಇಲ್ಲ ಎಂದರೆ ಅಪಾಯ ಇಲ್ಲ ಎಂದು ಅರ್ಥವಲ್ಲ. ಅಕ್ರಿಲಿಕ್ ದ್ರವ ಬೇಗ ಆವಿಯಾಗುವುದರಿಂದ ಮೂಗಿಗೆ ಹೊಡೆಯುತ್ತದೆ. ಜೆಲ್‌ನ ಮಾನೋಮರುಗಳು ಅಷ್ಟು ಹಾರುವುದಿಲ್ಲ, ಹಾಗಾಗಿ ಅದು ಸಾಧು ಎಂದು ಎಲ್ಲರೂ ನಂಬಿಕೊಂಡಿದ್ದಾರೆ.

ಮ್ಯೂನಿಕ್_ಕನ್ನಡತಿ

ನಾನಿರುವ ಜರ್ಮನಿಯಲ್ಲಿ ಈ ವಿಷಯ ಬಹಳ ಚರ್ಚೆಯಲ್ಲಿದೆ, ಅದಕ್ಕೆ ಬರೆಯುತ್ತಿದ್ದೇನೆ. ಜೆಲ್ ಬಾಟಲಿಯ ಪಟ್ಟಿಯಲ್ಲಿ ಹೆಮಾ ಎಂಬ ಹೆಸರಿದೆಯೇ ನೋಡಿ. ಪೂರ್ತಿ ಹೆಸರು ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟ್. ಉಗುರಿಗೆ ಚೆನ್ನಾಗಿ ಕಚ್ಚಿಕೊಳ್ಳಲಿ ಎಂದು ಬೇಸ್ ಕೋಟಿನಲ್ಲಿ ಹಾಕುತ್ತಾರೆ. ಯುರೋಪಿಯನ್ ಒಕ್ಕೂಟದಲ್ಲಿ 2021ರಿಂದ ಹೆಮಾ ಇರುವ ಉಗುರಿನ ಉತ್ಪನ್ನ ವೃತ್ತಿಪರರ ಬಳಕೆಗೆ ಮಾತ್ರ. ಅಲರ್ಜಿ ಉಂಟಾಗಬಹುದು ಎಂಬ ಎಚ್ಚರಿಕೆಯೂ ಕಡ್ಡಾಯ.

ಟಿಪಿಒ ಎಂಬ ಇನ್ನೊಂದು ಹೆಸರೂ ಇದೆ. ಬೆಳಕನ್ನು ಹೀರಿ ಮೇಡಂ ಹೇಳಿದ ಕಿಡಿ ಹೊತ್ತಿಸುವ ವಸ್ತು ಅದು. 2025ರ ಸೆಪ್ಟೆಂಬರ್ 1ರಿಂದ ಅದನ್ನು ಇಲ್ಲಿ ಸೌಂದರ್ಯವರ್ಧಕಗಳಲ್ಲಿ ಬಳಸುವಂತಿಲ್ಲ, ಪಾರ್ಲರಿನಲ್ಲಿ ಉಳಿದ ಹಳೆಯ ಬಾಟಲಿಯನ್ನೂ ಬಳಸುವಂತಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳ ಆಧಾರದಲ್ಲಿ ಅದನ್ನು ಸಂತಾನಶಕ್ತಿಗೆ ಹಾನಿಕರ ಎಂಬ ವರ್ಗಕ್ಕೆ ಸೇರಿಸಿದ್ದಾರೆ. ಹಾಗೆಂದು ಈವರೆಗೆ ಜೆಲ್ ಹಾಕಿಸಿಕೊಂಡವರು ಗಾಬರಿಯಾಗಬೇಕಿಲ್ಲ. ದೀಪದ ಕೆಳಗೆ ಅದರ ಬಹುಪಾಲು ಒಡೆದು ಹೋಗಿರುತ್ತದೆ.

ದಿನವೂ_ಕಂಪ್ಯೂಟರ್

ದೀಪದ ಬೆಳಕಿನಿಂದ ಚರ್ಮದ ಕ್ಯಾನ್ಸರ್ ಬರುತ್ತದೆ ಎಂದು ಎಲ್ಲೋ ಓದಿದೆ. ನಿಜವೇ? ತಿಂಗಳಿಗೊಮ್ಮೆ ಹಾಕಿಸಿಕೊಳ್ಳುತ್ತೇನೆ.

ರಸಾಯನ_ಪಾಠ (ಉಪನ್ಯಾಸಕಿ, ಮೈಸೂರು)

ನೀವು ಓದಿದ್ದು 2023ರ ಜನವರಿಯಲ್ಲಿ ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಯೋಗದ ಸುದ್ದಿ ಇರಬೇಕು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳನ್ನು ಉಗುರಿನ ದೀಪಕ್ಕೆ 20 ನಿಮಿಷ ಒಡ್ಡಿದಾಗ ಶೇಕಡಾ 20ರಿಂದ 30ರಷ್ಟು ಸತ್ತವು, ಉಳಿದವುಗಳ ಡಿಎನ್‌ಎಯಲ್ಲೂ ಹಾನಿ ಕಂಡಿತು. ತಟ್ಟೆಯ ಕೋಶಕ್ಕೆ ಮೇಲ್ಚರ್ಮದ ರಕ್ಷಣೆ ಇರುವುದಿಲ್ಲ. ಹಾಗಾಗಿ ಅದನ್ನೇ ಕೈಗೆ ಅನ್ವಯಿಸಲಾಗದು, ಕಡೆಗಣಿಸಲೂ ಆಗದು. ಬೆರಳ ತುದಿ ಕತ್ತರಿಸಿದ ಕೈಗವಸು ಹಾಕಿಕೊಂಡು ಕೈ ಒಡ್ಡಿ. ಐವತ್ತು ರೂಪಾಯಿಯ ಕೆಲಸ.

ಆದರೆ ದೀಪದಲ್ಲಿ ಹೆಚ್ಚು ಕಾಡುವ ತೊಂದರೆ ಬೇರೆ, ಸರಿಯಾಗಿ ಬೇಯಿಸದಿರುವುದು. ದೀಪದ ಪೆಟ್ಟಿಗೆಯ ಮೇಲಿನ 48 ವ್ಯಾಟ್ ಎಂಬ ಅಂಕಿ ಅದು ನುಂಗುವ ವಿದ್ಯುತ್ತಿನ ಲೆಕ್ಕ, ಜೆಲ್‌ಗೆ ಸಿಗುವ ಬೆಳಕಿನ ಲೆಕ್ಕವಲ್ಲ. ಜೆಲ್‌ನಲ್ಲಿರುವ ಕಿಡಿವಸ್ತು ಯಾವ ತರಂಗಾಂತರ ಹೀರುತ್ತದೋ ಅದನ್ನೇ ದೀಪ ಕೊಡಬೇಕು. ಸಾಮಾನ್ಯವಾಗಿ 365 ಮತ್ತು 405 ನ್ಯಾನೊಮೀಟರ್. ಒಂದು ಕಂಪನಿಯ ಜೆಲ್, ಇನ್ನೊಂದರ ದೀಪ ಆದರೆ ಮೇಲೆ ಬೆಂದು ಒಳಗೆ ಹಸಿ ಉಳಿಯುವ ಇಡ್ಲಿಯಾಗುತ್ತದೆ. ಎಲ್ಲ ಬಂಧ ಬೆಸೆಯದಿದ್ದರೂ ಜೆಲ್ ಗಟ್ಟಿಯಾಗಿಯೇ ಕಾಣುತ್ತದೆ, ಕಣ್ಣಿಗೆ ಮೋಸ. ಕಪ್ಪು, ಬಿಳಿ ಬಣ್ಣಗಳಲ್ಲಿ ಇದು ಇನ್ನೂ ಜಾಸ್ತಿ, ಬಣ್ಣದ ಪುಡಿಯೇ ಬೆಳಕನ್ನು ತಡೆಯುತ್ತದೆ.

ಬೆಂದ ಮೇಲೂ ಜೆಲ್‌ನ ಮೇಲ್ಮೈ ಅಂಟುತ್ತದಲ್ಲ, ಅದೂ ಹಸಿ ಮಾನೋಮರೇ. ಗಾಳಿಯ ಆಮ್ಲಜನಕ ರ‍್ಯಾಡಿಕಲ್‌ಗಳನ್ನು ಹಿಡಿದು ನಿಲ್ಲಿಸಿಬಿಡುತ್ತದೆ, ಮೇಲ್ಪದರ ಬೇಯುವುದಿಲ್ಲ. ಅದನ್ನು ಆಲ್ಕೋಹಾಲಿನಲ್ಲಿ ಒರೆಸುವಾಗ ನೀವು ಹತ್ತಿಯನ್ನು ಹೇಗೆ ಹಿಡಿಯುತ್ತೀರಿ? ಎಷ್ಟು ಉಗುರಿಗೆ ಒಂದು ತುಂಡು?

ಉಗುರುಚಿತ್ತಾರ (ಹುಬ್ಬಳ್ಳಿ)

ಬಲಗೈಯ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಿನಲ್ಲಿ ಹಿಡಿಯುತ್ತೇನೆ. ಹತ್ತೂ ಉಗುರಿಗೆ ಒಂದೇ ತುಂಡು. ಬರೆಯುತ್ತಿರುವಾಗಲೇ ಅರ್ಥವಾಯಿತು ಮೇಡಂ. ಬ್ರಷ್ ಕೂಡ ಅದೇ ಬೆರಳಿನಿಂದ ಒರೆಸಿ ಚೂಪು ಮಾಡುತ್ತೇನೆ.

ಆದರೆ ಎರಡು ತಿಂಗಳಿಂದ ನೀಲಿ ಕೈಗವಸು ಹಾಕುತ್ತಿದ್ದೇನಲ್ಲ?

ಚರ್ಮವೈದ್ಯ_ಮಂಗಳೂರು

ತೆಳುವಾದ ಬಿಸಾಡುವ ಕೈಗವಸಿನ ಮೂಲಕ ಹೆಮಾದಂಥ ಅಣು ಕೆಲವೇ ನಿಮಿಷದಲ್ಲಿ ದಾಟುತ್ತದೆ. ಒಳಗೆ ಬೆವರು, ಹೊರಗೆ ಮಾನೋಮರ್. ಅದೇ ಜೋಡಿಯನ್ನು ದಿನವಿಡೀ ಹಾಕಿಕೊಂಡರೆ ಚರ್ಮಕ್ಕೆ ಒತ್ತಿ ಕಟ್ಟಿದಂತೆಯೇ ಆಗುತ್ತದೆ. ಲ್ಯಾಟೆಕ್ಸ್ (ರಬ್ಬರ್ ಹಾಲಿನ) ಕೈಗವಸು ಅಂತೂ ಬೇಡವೇ ಬೇಡ. ನೈಟ್ರೈಲ್ ಎಂಬ ಕೃತಕ ರಬ್ಬರಿನದನ್ನು ಎರಡು ಪದರ ಹಾಕಿ, ಜೆಲ್ ತಾಗಿದ ತಕ್ಷಣ ಬದಲಿಸಬೇಕು.

ಫೋಟೊ ನೋಡದೆ, ಪರೀಕ್ಷೆ ಮಾಡದೆ ರೋಗದ ಹೆಸರು ಹೇಳುವುದು ಸರಿಯಲ್ಲ. ಆದರೂ ನೀವು ಹೇಳಿದ ಚಿತ್ರ ಅಕ್ರಿಲೇಟ್ (ಹೆಮಾದಂಥ ಮಾನೋಮರುಗಳ ಬಳಗ) ಅಲರ್ಜಿಯದು. ಇದು ತಡವಾಗಿ ಬರುವ ಅಲರ್ಜಿ, ತಾಗಿದ ಒಂದೆರಡು ದಿನಕ್ಕೆ ಕಾಣಿಸುತ್ತದೆ. ನೀವು ಅಂಗಡಿ ತೆರೆದ ಎರಡನೆಯ ದಿನಕ್ಕೆ ಮರುಕಳಿಸಿದ್ದು ಅದಕ್ಕೇ. ರೆಪ್ಪೆಯ ಚರ್ಮ ತೀರಾ ತೆಳು, ಜೆಲ್ ಮೆತ್ತಿದ ಬೆರಳು ತಾಗಿದರೂ ಸಾಕು ಬಾತುಕೊಳ್ಳಲು. ಮೊದಲು ವರ್ಷಗಟ್ಟಲೆ ದೇಹ ಸುಮ್ಮನಿದ್ದು, ಒಮ್ಮೆ ಗುರುತು ಹಿಡಿದರೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2012ರಲ್ಲಿಯೇ ಅಕ್ರಿಲೇಟನ್ನು ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತ್ತು.

ಇದು ಉಗುರಿಗಷ್ಟೇ ಮುಗಿಯುವುದಿಲ್ಲ. ಹಲ್ಲಿನ ಫಿಲ್ಲಿಂಗ್, ಮಂಡಿಚಿಪ್ಪು ಬದಲಿಸುವಾಗ ಹಾಕುವ ಸಿಮೆಂಟ್, ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸುವ ಸೆನ್ಸರ್, ಎಲ್ಲದರಲ್ಲೂ ಇದೇ ಬಳಗದ ರಸಾಯನ ಇರುತ್ತದೆ. ಹಾಗಾಗಿ ಪ್ಯಾಚ್ ಪರೀಕ್ಷೆ ಮಾಡಿಸಿಕೊಳ್ಳಿ. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನಕ್ಕೆ ತೆಗೆಯುತ್ತಾರೆ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಸರಕಾರಿ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಜೆಲ್ ಮುಟ್ಟಬೇಡಿ.

ಇಬ್ಬರು_ಮಕ್ಕಳ_ತಾಯಿ

ಅಂಟಿನ ಬಗ್ಗೆ ನನ್ನದೊಂದು ಅನುಭವ. ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ರೆಡಿಮೇಡ್ ಉಗುರು ಅಂಟಿಸುತ್ತಿದ್ದೆ. ಒಂದು ಹನಿ ನನ್ನ ಹತ್ತಿಯ ನೈಟಿಯ ಮೇಲೆ ಬಿತ್ತು. ಒರೆಸುವ ಮೊದಲೇ ಹೊಗೆ ಎದ್ದು ತೊಡೆ ಸುಟ್ಟಿತು. ಎಂಟಾಣೆ ನಾಣ್ಯದಷ್ಟು ಗುರುತು ಈಗಲೂ ಇದೆ. ಬೆಂಕಿ ಎಲ್ಲಿಂದ ಬಂತು ಎಂದು ಇವತ್ತಿಗೂ ಗೊತ್ತಾಗಿಲ್ಲ.

ರಸಾಯನ_ಪಾಠ (ಉಪನ್ಯಾಸಕಿ, ಮೈಸೂರು)

ಅದು ಸಯನೊಅಕ್ರಿಲೇಟ್, ಫೆವಿಕ್ವಿಕ್ ಜಾತಿಯ ಅಂಟು. ಇದಕ್ಕೆ ಬೆಳಕೂ ಬೇಡ, ಪೆರಾಕ್ಸೈಡೂ ಬೇಡ. ಗಾಳಿಯಲ್ಲಿನ, ಚರ್ಮದ ಮೇಲಿನ ತೇವವೇ ಬೆಸುಗೆ ಶುರು ಮಾಡುತ್ತದೆ. ಹತ್ತಿಯ ನೂಲಿನಲ್ಲಿ ಅದು ಒಮ್ಮೆಲೇ ಹರಡಿ, ಅತಿವೇಗದಲ್ಲಿ ಬೆಸೆದುಕೊಂಡು ಭಾರೀ ಶಾಖ ಬಿಡುತ್ತದೆ. ಪುಟ್ಟ ಮಕ್ಕಳಿಗೆ ಆಳವಾದ ಸುಟ್ಟಗಾಯ ಆದದ್ದುಂಟು. ಬಿದ್ದ ತಕ್ಷಣ ಬಟ್ಟೆಯನ್ನು ಮೈಯಿಂದ ದೂರ ಎತ್ತಿ ಹಿಡಿದು, ಧಾರಾಳ ತಣ್ಣೀರು ಹೊಯ್ಯಬೇಕು. ಈ ಅಂಟಿಗೆ ಹತ್ತಿ ಹಿಡಿದು ಒರೆಸುವುದಂತೂ ಕೂಡದು.

ಮತಗಟ್ಟೆ_ಮೇಷ್ಟ್ರು

ಚರ್ಚೆಗೆ ಸ್ವಲ್ಪ ಬದಿಯ ಪ್ರಶ್ನೆ. ಹೋದ ಚುನಾವಣೆಯಲ್ಲಿ ಮತಗಟ್ಟೆ ಕೆಲಸಕ್ಕೆ ಹೋಗಿದ್ದೆ. ಒಬ್ಬ ಹೆಣ್ಣುಮಗಳ ತೋರುಬೆರಳಿಗೆ ಜೆಲ್ ಉಗುರು ಇತ್ತು. ಶಾಯಿ ಎಳೆದರೆ ಉಗುರಿನ ಮೇಲೆ ನಿಲ್ಲದೆ ಎಣ್ಣೆಯ ಮೇಲಿನ ನೀರಿನಂತೆ ಹನಿಗಟ್ಟಿತು. ಬುಡದ ಚರ್ಮಕ್ಕೆ ಮಾತ್ರ ಹಿಡಿಯಿತು. ಇದು ಸರಿಯೇ?

ರಸಾಯನ_ಪಾಠ (ಉಪನ್ಯಾಸಕಿ, ಮೈಸೂರು)

ನಮ್ಮೂರಿನ ವಿಷಯ ಬಂತು, ಸಂತೋಷ. ಆ ಶಾಯಿ ತಯಾರಾಗುವುದು ಮೈಸೂರಿನಲ್ಲಿಯೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಆರಂಭವಾದ ಕಾರ್ಖಾನೆ, ಇಂದಿನ ಮೈಸೂರು ಪೇಂಟ್ಸ್. 1962ರ ಮಹಾಚುನಾವಣೆಯಿಂದ ಅದೇ ಶಾಯಿ. ಅದರಲ್ಲಿರುವ ಬೆಳ್ಳಿಯ ನೈಟ್ರೇಟ್ ಚರ್ಮದ ಉಪ್ಪಿನೊಂದಿಗೆ ಸೇರಿ ಬೆಳ್ಳಿಯ ಕ್ಲೋರೈಡ್ ಆಗುತ್ತದೆ, ಬೆಳಕಿಗೆ ಕಪ್ಪಾಗುತ್ತದೆ. ಬೆಂದ ಜೆಲ್‌ನಲ್ಲಿ ಉಪ್ಪೂ ಇಲ್ಲ, ಹಿಡಿದುಕೊಳ್ಳಲು ಕೆರಾಟಿನ್ ಕೂಡ ಇಲ್ಲ. ಚರ್ಮಕ್ಕೆ ಹಿಡಿದಿದ್ದರೆ ಗುರುತು ಗುರುತೇ.

ಉಗುರುಚಿತ್ತಾರ (ಹುಬ್ಬಳ್ಳಿ)

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಪ್ಯಾಚ್ ಪರೀಕ್ಷೆ ಆಯಿತು. ಹೆಮಾಕ್ಕೆ ಎರಡು ಪ್ಲಸ್ (ಪ್ಲಸ್ ಹೆಚ್ಚಿದಷ್ಟೂ ಅಲರ್ಜಿ ಜೋರು), ಇನ್ನೊಂದು ಮೆಥಾಕ್ರಿಲೇಟಿಗೆ ಒಂದು ಪ್ಲಸ್. ಬೆನ್ನಿನ ಮೇಲೆ ಆ ಎರಡು ಜಾಗ ಮಾತ್ರ ಕೆಂಪಗೆ, ಮುಟ್ಟಿದರೆ ಗುಳ್ಳೆ ಗುಳ್ಳೆ. ಹೆಮಾ ಇಲ್ಲದ ಜೆಲ್ ಬಳಸಬಹುದೇ ಎಂದು ಕೇಳಿದೆ. ಅದರ ಬದಲು ಹಾಕುವುದೂ ಅದೇ ಬಳಗದ ಅಣು, ದೇಹ ಅದನ್ನೂ ಗುರುತಿಸಬಹುದು ಎಂದರು ವೈದ್ಯರು. ಹಲ್ಲಿನ ಡಾಕ್ಟರಿಗೆ ತೋರಿಸಲು ಒಂದು ಚೀಟಿಯನ್ನೂ ಬರೆದುಕೊಟ್ಟಿದ್ದಾರೆ.

ಜೆಲ್, ಅಕ್ರಿಲಿಕ್ ಎರಡನ್ನೂ ನಾನು ನಿಲ್ಲಿಸಿದೆ. ಮಾಮೂಲಿ ಉಗುರು ಬಣ್ಣ, ಕೈ ಆರೈಕೆ, ಮದರಂಗಿ ಇಷ್ಟು ಇಟ್ಟುಕೊಂಡಿದ್ದೇನೆ. ಬಾಡಿಗೆಗೆ ಈ ತಿಂಗಳು ಕಷ್ಟವಾಯಿತು, ಮುಂದೆ ನೋಡಬೇಕು. ಸಹಾಯಕ್ಕೆ ಬರುವ ಹುಡುಗಿ ಇನ್ನೊಂದು ಕಡೆ ಜೆಲ್ ಕೆಲಸ ಮಾಡುತ್ತಾಳೆ. ಚರ್ಮಕ್ಕೆ ಒಂದು ಕೂದಲೆಳೆಯಷ್ಟೂ ತಾಗದಂತೆ ಹಚ್ಚುವುದು, ಪ್ರತಿ ಉಗುರಿಗೆ ಹೊಸ ಹತ್ತಿ, ಒರೆಸುವಾಗ ಚಿಮಟ, ಎಲ್ಲವನ್ನೂ ಅವಳಿಗೆ ಹೇಳಿಕೊಟ್ಟಿದ್ದೇನೆ. ಸಿಕ್ಕಾಗಲೆಲ್ಲ ಅವಳ ಬೆರಳ ತುದಿ ನೋಡುತ್ತೇನೆ.

ಈಗ ಕೊನೆಯ ಪ್ರಶ್ನೆ. ಮೂವತ್ತೆಂಟು ಬಾಟಲಿ ಜೆಲ್ ಉಳಿದಿದೆ. ಮಾರಲು ಮನಸ್ಸಿಲ್ಲ. ಕಸದ ಗಾಡಿಗೆ ಹಾಗೆಯೇ ಹಾಕಿದರೆ ಬರಿಗೈಯಲ್ಲಿ ಬೇರ್ಪಡಿಸುವವರ ಬೆರಳಿಗೆ ತಾಗುತ್ತದೆ. ಏನು ಮಾಡಲಿ?

ಹಲ್ಲಿನ_ಲ್ಯಾಬ್ (ದಾವಣಗೆರೆ)

ಸರಿಯಾದ ಪ್ರಶ್ನೆ ಕೇಳಿದೆ ತಂಗಿ. ಅಕ್ರಿಲಿಕ್ ದ್ರವ ಉಳಿದಿದ್ದರೆ ಬಯಲಿನಲ್ಲಿ ಇಟ್ಟು, ಹಳೆಯ ಬಟ್ಟಲಿನಲ್ಲಿ ಸ್ವಲ್ಪ ಸ್ವಲ್ಪವೇ ಪುಡಿ ಬೆರೆಸಿ ಗಟ್ಟಿ ಮಾಡಿಬಿಡು. ನೀನು ಮಾಡಬೇಡ, ಮನೆಯಲ್ಲಿ ಬೇರೆಯವರ ಕೈಯಲ್ಲಿ ಮಾಡಿಸು. ಅವರು ಬರಿಗೈಯಲ್ಲಿ ಮುಟ್ಟದಿರಲಿ.

ರಸಾಯನ_ಪಾಠ (ಉಪನ್ಯಾಸಕಿ, ಮೈಸೂರು)

ಜೆಲ್ ಅನ್ನು ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳುವಾಗಿ ಹರಡಿಸಿ ಮಧ್ಯಾಹ್ನದ ಬಿಸಿಲಿಗೆ ಇಡಿ. ಸೂರ್ಯನ ಬೆಳಕಿನಲ್ಲೂ ಅದಕ್ಕೆ ಬೇಕಾದ ನೇರಳಾತೀತ ಕಿರಣ ಇದೆ. ಪೂರ್ತಿ ಗಟ್ಟಿಯಾದ ಮೇಲೆ ಹಾಳೆಯನ್ನು ಸುತ್ತಿ ಕಸಕ್ಕೆ ಹಾಕಬಹುದು, ಆಗ ಅದು ಬರೀ ಪ್ಲಾಸ್ಟಿಕ್ ತುಂಡು.

ಉಗುರುಚಿತ್ತಾರ (ಹುಬ್ಬಳ್ಳಿ)

ಇವತ್ತು ಮನೆಯವರು ಮಾಳಿಗೆಯ ಮೇಲೆ ಹರಡಿದರು. ನಾನು ದೂರ ನಿಂತು ನೋಡಿದೆ. ತಿಳಿ ಗುಲಾಬಿ, ಕೆಂಪು ಬೇಗ ಗಟ್ಟಿಯಾದವು. ಕಪ್ಪು ಮಾತ್ರ ಮೇಲೆ ಪೊರೆ ಕಟ್ಟಿ, ಕಡ್ಡಿಯಿಂದ ಚುಚ್ಚಿದರೆ ಒಳಗೆ ಇನ್ನೂ ಅಂಟುತ್ತಿದೆ.

ರಸಾಯನ_ಪಾಠ (ಉಪನ್ಯಾಸಕಿ, ಮೈಸೂರು)

ಕಪ್ಪಿನ ಒಳಗೆ ಬೆಳಕು ಇಳಿದಿಲ್ಲ. ಪೊರೆಯನ್ನು ಕಡ್ಡಿಯಿಂದ ಸೀಳಿ, ಇನ್ನೂ ತೆಳುವಾಗಿ ಎಳೆದು ನಾಳೆಯೂ ಬಿಸಿಲಿಗೆ ಇಡಲು ಹೇಳಿ.